ಹಕ್ಕಿಗೊಬ್ಬ ಹೊಣೆಗಾರ

ಸಂವಿಧಾನದ ಪತ್ರಿಕೆ ಬರೆದವರಿಗೆಲ್ಲ ಹನ್ನೊಂದು ಮೂಲಭೂತ ಕರ್ತವ್ಯಗಳು ಒಮ್ಮೆ ಬಾಯಿಪಾಠವಾಗಿರುತ್ತವೆ. ಪರೀಕ್ಷೆ ಮುಗಿದ ಮೇಲೆ ಉಳಿಯುವುದು ಧ್ವಜ, ರಾಷ್ಟ್ರಗೀತೆ ಎರಡೇ. ಇದಕ್ಕೆ ವಿದ್ಯಾರ್ಥಿಗಳನ್ನು ದೂರಲಾಗದು. ಆ ಪಟ್ಟಿಯ ಧಾಟಿ ಉಪದೇಶದ್ದು; ಅದು ಹುಟ್ಟಿದ ಗಳಿಗೆಯೂ ಒಳ್ಳೆಯದಲ್ಲ. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಸ್ವರಣ್ ಸಿಂಗ್ ಸಮಿತಿಯ ಶಿಫಾರಸಿನ ಬೆನ್ನಿಗೆ 42ನೆಯ ತಿದ್ದುಪಡಿಯು 51ಎ ವಿಧಿಯನ್ನು ತಂದಿತು. ಹಕ್ಕುಗಳ ಬಾಗಿಲು ಅರ್ಧ ಮುಚ್ಚಿದ್ದಾಗ ಬಂದ ಕರ್ತವ್ಯವನ್ನು ಜನ ಸಂಶಯದಿಂದ ನೋಡಿದ್ದು ಸಹಜ. ತಪ್ಪಿದವರಿಗೆ ದಂಡ ವಿಧಿಸುವ ಅವಕಾಶವಿರಲೆಂಬ ಸಮಿತಿಯ ಸಲಹೆಯನ್ನು ಸಂಸತ್ತು ಕೈಬಿಟ್ಟಿತೆಂಬುದೊಂದೇ ಸಮಾಧಾನ.

ಹಾಗೆಂದು ಆ ವಿಧಿಯನ್ನೇ ತಳ್ಳಿಹಾಕುವುದು ಸರಿಯೆಂದು ನನಗೆ ತೋರದು. ಅದನ್ನು ಓದುವ ಕ್ರಮ ಬದಲಾಗಬೇಕು. ಅದಕ್ಕೆ ನಮ್ಮ ನುಡಿಯೇ ದಾರಿ ತೋರುತ್ತದೆ.

ಮರಾಠಿಯ 'ಹಕ್ಕ', ಕನ್ನಡದ 'ಹಕ್ಕು' ಎರಡೂ ಅರಬ್ಬಿ ಮೂಲದ ಒಂದೇ ಪದ. ಎರಡೂ ಭಾಷೆಗಳಲ್ಲಿ ಕಲಿತ ನನ್ನಂಥವರಿಗೆ ಈ ಪದ ಗಡಿಯಲ್ಲಿ ಚೀಟಿ ಕೇಳಿಸಿಕೊಳ್ಳದೆ ಓಡಾಡುವುದನ್ನು ಕಂಡರೆ ಒಳಗೊಳಗೇ ಖುಷಿ. 'ಕರ್ತವ್ಯ' ಸಂಸ್ಕೃತದಿಂದ ಬಂದದ್ದು, ಎರಡಕ್ಕೂ ಸಮಾನ. ಆದರೆ ಕನ್ನಡಕ್ಕೆ ತನ್ನದೇ ಆದ ಇನ್ನೊಂದು ಮಾತಿದೆ: ಹೊಣೆ. ಹಳಗನ್ನಡದ 'ಪೊಣೆ' ಇದರ ಪೂರ್ವರೂಪ. ಪಕಾರ ಹಕಾರವಾದ ಬಗೆಯನ್ನು ನೀವು ಭಾಷಾಚರಿತ್ರೆಯಲ್ಲಿ ಓದಿದ್ದೀರಿ. ಒಬ್ಬನ ಸಾಲಕ್ಕೆ ಇನ್ನೊಬ್ಬ ಜಾಮೀನು ನಿಲ್ಲುವುದು ಹೊಣೆ. ಕರ್ತವ್ಯವೆಂದರೆ ನಾನು ಮಾಡಬೇಕಾದದ್ದು, ಅಷ್ಟೇ. ಹೊಣೆಯೆಂದರೆ ಇನ್ನೊಬ್ಬರಿಗೆ ಸಲ್ಲಬೇಕಾದದ್ದು ಸಲ್ಲುವವರೆಗೆ ನಾನು ನಿಂತಿರುವುದು. ಈ ಅರ್ಥದಲ್ಲಿ ಓದಿದರೆ 51ಎ ಉಪದೇಶವಾಗಿ ಉಳಿಯುವುದಿಲ್ಲ. ಯಾರ ಹಕ್ಕಿಗೆ ಯಾರು ಜಾಮೀನು ಎಂದು ಕೇಳುವ ಪ್ರಶ್ನೆಯಾಗುತ್ತದೆ.

ಹನ್ನೊಂದನೆಯ ಕರ್ತವ್ಯವನ್ನೇ ನೋಡಿ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಕೊಡುವುದು ತಂದೆತಾಯಿಗಳ ಇಲ್ಲವೆ ಪೋಷಕರ ಕರ್ತವ್ಯ. 2002ರ 86ನೆಯ ತಿದ್ದುಪಡಿ ಇದನ್ನು ಸೇರಿಸಿತು. ಅದೇ ತಿದ್ದುಪಡಿ 21ಎ ವಿಧಿಯ ಮೂಲಕ ಅದೇ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕನ್ನೂ ಕೊಟ್ಟಿತು. ಆ ಹಕ್ಕು ಜಾರಿಗೆ ಬರಲು 2010ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು. ಈಗ ಮಂಗಳವೇಢೆ, ಜತ್ತ ಕಡೆಯ ಒಂದು ಕುರಿಗಾಹಿ ಕುಟುಂಬವನ್ನು ಕಣ್ಣಮುಂದೆ ತಂದುಕೊಳ್ಳಿ. ಮಳೆ ಕೈಕೊಟ್ಟ ವರ್ಷ ಕುರಿ ಹೊಡೆದುಕೊಂಡು ಮೇವಿದ್ದಲ್ಲಿಗೆ ಹೋಗಲೇಬೇಕು. ಮಗು ಜೊತೆಗೆ ಹೋಗುತ್ತದೆ. ಹಾಜರಿಪಟ್ಟಿಯಲ್ಲಿ ಅದು ಗೈರುಹಾಜರು. ತಂದೆ ಕರ್ತವ್ಯ ತಪ್ಪಿದನೆಂದು ಬರೆಯುವುದು ಸುಲಭ. ಆದರೆ ಆ ಮಗುವಿನ ಹಕ್ಕಿಗೆ ತಂದೆಯೊಬ್ಬನೇ ಜಾಮೀನೆ? ಸರಕಾರವಿಲ್ಲವೆ, ಗ್ರಾಮ ಪಂಚಾಯತಿಯಿಲ್ಲವೆ, ಪದವಿ ಪಡೆಯುತ್ತಿರುವ ನೀವಿಲ್ಲವೆ? ಬಡವನಿಗೆ ಕರ್ತವ್ಯ ಹೇಳಿ ಉಳಿದವರು ಹಕ್ಕಿನ ಮಾತಾಡುವುದನ್ನು ನಾನು ಒಪ್ಪಲಾರೆ.

ನಮ್ಮ ವಿಭಾಗಕ್ಕೆ ಇನ್ನೂ ಹತ್ತಿರದ್ದು, ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡಬೇಕೆನ್ನುವ ಕರ್ತವ್ಯ. ಗಡಿಯ ಕನ್ನಡಿಗರಾದ ನಾವು 29ನೆಯ ವಿಧಿಯನ್ನು ಚೆನ್ನಾಗಿ ಬಲ್ಲೆವು. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿಯನ್ನೂ ಮನವಿಪತ್ರಗಳಲ್ಲಿ ಬರೆಯುತ್ತೇವೆ. ಬರೆಯಲೇಬೇಕು. ಆದರೆ ಮನವಿಗೆ ಸಹಿ ಮಾಡಿದ ಕೈಯೇ ಮಗನನ್ನು ಕನ್ನಡ ಶಾಲೆಯಿಂದ ಬಿಡಿಸಿದಾಗ ಆ ವಿಧಿಗೆ ಜಾಮೀನು ಯಾರು?

ಸಮ್ಮಿಶ್ರವೆಂಬ ಮಾತಿನ ಅರ್ಥ ಹುಡುಕಲು ನಾವು ದೂರ ಹೋಗಬೇಕಿಲ್ಲ. ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಬನ್ನಿ. ದೀಪಾವಳಿಯಲ್ಲಿ ಪಲ್ಲಕ್ಕಿಗಳು ಭೇಟಿಯಾಗುವಾಗ ಭಂಡಾರ ಹಾರಿ ಜನರ ಮೈಯೆಲ್ಲ ಹಳದಿಯಾಗುತ್ತದೆ. ಮಹಾಲಿಂಗರಾಯನ ಗುರುವನ್ನು ಕನ್ನಡಿಗರು ಬೀರಪ್ಪನೆನ್ನುತ್ತಾರೆ, ಮರಾಠಿಗರು ಬಿರೋಬಾ ಎನ್ನುತ್ತಾರೆ. ಕುರುಬರ ಡೊಳ್ಳಿನ ಹಾಡು, ಧನಗರರ ಓವಿ ಎರಡೂ ಅದೇ ದೇವರ ಕಥೆಯನ್ನು ಹೇಳುತ್ತವೆ. ಈ ದೈವಗಳನ್ನು ಕುರಿತು ಗುಂಟರ್ ಸೋಂಥೈಮರ್ ಎಂಬ ಜರ್ಮನ್ ವಿದ್ವಾಂಸರ ಗ್ರಂಥ ಪ್ರಕಟವಾದದ್ದೂ 1976ರಲ್ಲಿಯೇ. ಸಂಸತ್ತು ಕಾಪಾಡಿರೆಂದ ವರ್ಷವೇ ಹೊರಗಿನವರೊಬ್ಬರು ಕಾಪಾಡುವ ಕೆಲಸವನ್ನು ಮಾಡಿ ಮುಗಿಸಿದ್ದರು!

ಒಳಗಿನವರೂ ಇದ್ದರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಕಲಿತು, ಬಳಿಕ ಕನ್ನಡವನ್ನು ಸ್ವಪ್ರಯತ್ನದಿಂದ ದಕ್ಕಿಸಿಕೊಂಡು ಸಿದ್ಧರಾಮನ ಚರಿತ್ರೆಯನ್ನು ಕಾವ್ಯವಾಗಿಸಿದರು. ವಚನಗಳನ್ನು ಮರಾಠಿಗೆ ಕೊಟ್ಟರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. 51ಎ ವಿಧಿ ಆಗಿನ್ನೂ ಹುಟ್ಟಿರಲಿಲ್ಲ. ಕನ್ನಡಕ್ಕಾಗಿ ದುಡಿಯಲು ಅವರು ಮರಾಠಿಯನ್ನು ಬಿಡಲಿಲ್ಲವೆಂಬುದನ್ನು ಎರಡೂ ಕಡೆಯ ಅತಿ ಉತ್ಸಾಹಿಗಳು ಗಮನಿಸಿದರೆ ಒಳ್ಳೆಯದು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೇಳಿಕೆ. ಈ ದೀಪಾವಳಿಯ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮೂರಿನ ಒಬ್ಬ ಹಿರಿಯ ಡೊಳ್ಳಿನ ಹಾಡುಗಾರರ ಬಳಿ ಕುಳಿತು, ಅವರ ಒಪ್ಪಿಗೆ ಪಡೆದು, ಒಂದು ಹಾಡನ್ನು ಧ್ವನಿಮುದ್ರಿಸಿ ಅಕ್ಷರಕ್ಕಿಳಿಸಿರಿ. ಮರಾಠಿ ಪದ ಬಂದಲ್ಲಿ ತಿದ್ದಬೇಡಿರಿ, ಉಚ್ಚಾರವಿದ್ದಂತೆಯೇ ಬರೆಯಿರಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರೆಂಬುದು ಮೊದಲ ಪುಟದಲ್ಲಿರಲಿ. ಬರೆದ ಪ್ರತಿಯನ್ನು ಅವರೆದುರು ಓದಿ ತೋರಿಸಿ, ಒಂದು ನಕಲನ್ನು ಅವರ ಮನೆಯಲ್ಲಿಯೇ ಬಿಟ್ಟು ಬನ್ನಿ. ಇನ್ನೊಂದು ವಿಭಾಗದ ಕಪಾಟಿಗೆ.