ಎಲೆ ತೂಗುವಲ್ಲಿ ಯಾರ ಮಾತು?

ಮಳೆಗಾಲದಲ್ಲಿ ನೀಲಗಿರಿಯ ಕೇತಿ ಕಣಿವೆಯ ಸಣ್ಣ ಬೆಳೆಗಾರರು ಚಹಾ ಎಲೆಯ ಮೂಟೆಗಳನ್ನು ರಸ್ತೆ ಬದಿಗೆ ತಂದಿಟ್ಟು ತೂಕಕ್ಕೆ ಕಾಯುತ್ತಾರೆ. ಎಲೆ ನೆಂದಿದ್ದರೆ ನೀರಿನ ಬಾಬ್ತು ಇಂತಿಷ್ಟು ಕಿಲೋ ಕಳೆಯುತ್ತಾರೆ. ಎಷ್ಟು ಕಳೆಯಬೇಕೆಂದು ಹೇಳುವವರು ಯಾರು? ಕ್ರೈಸ್ತ ಪ್ರಜಾಪ್ರಭುತ್ವವೆಂಬ ರಾಜಕೀಯ ವಿಚಾರವನ್ನು ನಾನು ಒರೆಗೆ ಹಚ್ಚುವುದು ಈ ಪ್ರಶ್ನೆಯಿಂದಲೇ.

ಆ ವಿಚಾರದ ತಿರುಳು ಒಂದು ಹಳೆಯ ಮಾತಿನಲ್ಲಿದೆ. ಚಿಕ್ಕ ಸಮುದಾಯ ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ದೊಡ್ಡದು ಕಿತ್ತುಕೊಳ್ಳುವುದು ಅನ್ಯಾಯವೆಂದು 1931ರಲ್ಲಿ ಪೋಪ್ ಹನ್ನೊಂದನೇ ಪಯಸ್ ಬರೆದರು. ಹಿಟ್ಲರನನ್ನು ಕಂಡ ಜರ್ಮನಿಗೆ ಆ ಮಾತಿನ ಬೆಲೆ ತಿಳಿಯಿತು. 1945ರಲ್ಲಿ ಅಲ್ಲಿನ ಕೆಥೊಲಿಕರೂ ಪ್ರಾಟೆಸ್ಟೆಂಟರೂ ಕೂಡಿ ಕ್ರೈಸ್ತ ಪ್ರಜಾಪ್ರಭುತ್ವದ ಹೆಸರಿನಲ್ಲೇ ಒಂದು ಪಕ್ಷ ಕಟ್ಟಿದರು. ಅದರ ನಾಯಕ ಅಡೆನಾವರ್ ಚಾನ್ಸಲರ್ ಆಗಿದ್ದಾಗ, 1951ರಲ್ಲಿ, ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರ ಕಡೆಗೆ ಸಮಪಾಲು ಸಿಕ್ಕಿತು. ಕಾರ್ಮಿಕ ಸಂಘಗಳು ಮುಷ್ಕರಕ್ಕೆ ಸಿದ್ಧವಾಗಿ ನಿಂತದ್ದರಿಂದ ಸಿಕ್ಕಿತು ಎಂಬುದನ್ನೂ ಹೇಳಲೇಬೇಕು. ಬರೀ ತತ್ವಕ್ಕೆ ಯಾರೂ ಪಾಲು ಬಿಟ್ಟುಕೊಡುವುದಿಲ್ಲ.

ನೀಲಗಿರಿಗೆ 1846ರಲ್ಲಿ ಬಂದ ಬಾಸೆಲ್ ಮಿಷನ್ ಇದೇ ಕೇತಿಯಲ್ಲಿ ನೆಲೆಯೂರಿತು. ಇಲ್ಲಿನ ಬಡಗ ಸಮುದಾಯದ ನಡುವೆ ಶಾಲೆ ಹುಟ್ಟಿತು, ಕ್ರೈಸ್ತ ಸಭೆ ಹುಟ್ಟಿತು. ಕ್ರೈಸ್ತರ ಪಕ್ಷ ಹುಟ್ಟಲಿಲ್ಲ. ಹುಟ್ಟದಿದ್ದದ್ದೇ ಒಳ್ಳೆಯದಾಯಿತು. ಜರ್ಮನಿಯಲ್ಲಿ ಕ್ರೈಸ್ತರೆಂಬ ಹೆಸರು ಬಹುಜನರನ್ನು ಕೂಡಿಸಿತು. ಇಲ್ಲಿ ಅದು ಹಟ್ಟಿಯ ನೆರೆಯವನನ್ನೇ ಎದುರಾಳಿ ಮಾಡುತ್ತಿತ್ತು. ದೇಶದ ಮಟ್ಟದಲ್ಲೂ ಇದೇ ವಿವೇಕ ಕಂಡಿತು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಜೆರೋಮ್ ಡಿಸೋಜ ಸಂವಿಧಾನ ಸಭೆಯಲ್ಲಿದ್ದರು. ಶಾಸನಸಭೆಗಳಲ್ಲಿ ಧರ್ಮದ ಆಧಾರದ ಮೀಸಲು ಸ್ಥಾನ ಕೈಬಿಡುವುದಕ್ಕೆ 1949ರಲ್ಲಿ ಅವರು ಒಪ್ಪಿದ್ದನ್ನು ನಾನು ಸೋಲೆನ್ನಲಾರೆ. ನೆರೆಹೊರೆಯವರ ಮೇಲಿಟ್ಟ ಭರವಸೆ ಅದು.

ಪಕ್ಷ ಬರಲಿಲ್ಲ, ಆದರೆ ಅದರ ತಿರುಳು ಈ ಬೆಟ್ಟದಲ್ಲಿ ಬೇರೆ ಬೇರಿನಿಂದ ಚಿಗುರಿತು. ಬಡಗ ಮುಖಂಡ ಆರಿ ಗೌಡರು 1935ರಲ್ಲಿ ಸಹಕಾರಿ ಮಾರಾಟ ಸಂಘ ಕಟ್ಟಿದರು. ಆಲೂಗಡ್ಡೆ ಬೆಳೆದವನು ದಲ್ಲಾಳಿಯ ಬಾಯಿ ನೋಡುವುದು ತಪ್ಪಲಿ ಎಂದು. 1960ರ ದಶಕದಲ್ಲಿ ಸಣ್ಣ ಬೆಳೆಗಾರರ ಸಹಕಾರಿ ಚಹಾ ಕಾರ್ಖಾನೆಗಳು ಎದ್ದವು, 1965ರಲ್ಲಿ ಅವುಗಳ ಒಕ್ಕೂಟ ಇಂಡ್ಕೋಸರ್ವ್ ಬಂತು. ಎಲೆ ಕೊಯ್ದವನೇ ಕಾರ್ಖಾನೆಯ ಪಾಲುದಾರ! ಆದರೆ ಇವತ್ತು ಒಕ್ಕೂಟವನ್ನು ನಡೆಸುವವರು ಸರ್ಕಾರ ನೇಮಿಸಿದ ಐಎಎಸ್ ಅಧಿಕಾರಿ. ಮೇಲಿನವರ ನೆರವು ಬೇಡವೆಂದಲ್ಲ. ಕಾರ್ಖಾನೆ ಮುಗ್ಗರಿಸಿದಾಗ ಎತ್ತಿ ನಿಲ್ಲಿಸಲು ಅದು ಬೇಕೇ ಬೇಕು. ಎದ್ದ ಮೇಲೂ ಕೈಬಿಡದಿದ್ದರೆ ಪಾಲುದಾರ ಬರೀ ಎಲೆ ತಂದುಹಾಕುವವನಾಗುತ್ತಾನೆ.

ಕೇತಿಯ ಕ್ರೈಸ್ತರಿಗೆ ಬೇರೆ ಬಾವುಟ ಬೇಡ. ಸಹಕಾರಿ ಸಂಘದ ಮಹಾಸಭೆಗೆ ನೆರೆಮನೆಯವರ ಜೊತೆಗೇ ಹೋಗಿ, ಮಳೆಯ ದಿನ ಮೂಟೆಗೆ ಎಷ್ಟು ಕಿಲೋ ಕಳೆದಿರಿ, ಆ ಲೆಕ್ಕವನ್ನು ಓದಿ ಹೇಳಿ ಎಂದು ಕೇಳಲಿ.