ಮೆಡಿಕಲ್ ಕಾಲೇಜಿನಲ್ಲೊಂದು ಮಾನವ ಹಕ್ಕು ಬಳಗ

ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ನಿಮ್ಮ ಬಂಧುಗಳು ಯಾರಾದರೂ ಮಲಗಿದ್ದರೆ ಈ ನೋಟ ನಿಮಗೆ ಹೊಸದಲ್ಲ. ಬೆಳಗಿನ ರೌಂಡ್ಸ್ ಹೊತ್ತಿಗೆ ಪ್ರೊಫೆಸರರ ಹಿಂದೆ ಹತ್ತು ಹದಿನೈದು ವಿದ್ಯಾರ್ಥಿಗಳು ಬರುತ್ತಾರೆ. ಹಾಸಿಗೆಯ ಸುತ್ತ ನಿಂತು ಒಬ್ಬರಾದ ಮೇಲೊಬ್ಬರು ಹೊಟ್ಟೆ ಒತ್ತಿ ನೋಡುತ್ತಾರೆ. ಚರ್ಚೆಯೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿ ರೋಗಿಗೆ ಹೆಸರಿಲ್ಲ, ಬೆಡ್ ನಂಬರ್ ಮಾತ್ರ. 'ನಿಮ್ಮನ್ನು ಪರೀಕ್ಷಿಸಬಹುದೇ?' ಎಂದು ಕೇಳುವವರು ವಿರಳ.

ವಿದ್ಯಾರ್ಥಿಗಳಲ್ಲಿ ದುರುದ್ದೇಶವೇನೂ ಇಲ್ಲ. ರೋಗಿಯನ್ನು ಮುಟ್ಟಿ ನೋಡದೆ ಯಾರೂ ವೈದ್ಯರಾಗಲಾರರು. ಆದರೆ ಕಲಿಯುವಾಗ ಕಂಡದ್ದೇ ಮುಂದೆ ರೂಢಿಯಾಗುತ್ತದೆ. ಆದ್ದರಿಂದ ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ವಿದ್ಯಾರ್ಥಿಗಳದೇ ಒಂದು ಮಾನವ ಹಕ್ಕು ಬಳಗ ಇರಬೇಕು.

ಮಾನವ ಹಕ್ಕು ಎಂದೊಡನೆ ನಮಗೆ ಪೊಲೀಸ್ ಠಾಣೆ, ಕೋರ್ಟು, ಧರಣಿ ನೆನಪಾಗುತ್ತವೆ. ಅದಕ್ಕೂ ಆಸ್ಪತ್ರೆಗೂ ಏನು ಸಂಬಂಧ ಎನ್ನುವಿರಾ? ಎರಡನೇ ಮಹಾಯುದ್ಧದ ನಂತರ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಕೈದಿಗಳ ಮೇಲೆ ಕ್ರೂರ ಪ್ರಯೋಗ ನಡೆಸಿದವರ ವಿಚಾರಣೆ ನಡೆಯಿತು. ಆರೋಪಿಗಳು 23 ಮಂದಿ, ಅವರಲ್ಲಿ 20 ಮಂದಿ ವೈದ್ಯರು! ಓದಿಗೆ ಅವರಲ್ಲಿ ಕೊರತೆಯಿರಲಿಲ್ಲ. ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆಯಿಲ್ಲದೆ ಪ್ರಯೋಗ ಸಲ್ಲದು ಎಂಬ ನಿಯಮ 1947ರಲ್ಲಿ ಮೂಡಿದ್ದು ಆ ತೀರ್ಪಿನಿಂದ.

ನಮ್ಮ ದೇಶದ ಉದಾಹರಣೆಯೂ ಇದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಎಂಬ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಹಾಸಿಗೆ ಇಲ್ಲ, ಸೌಕರ್ಯ ಇಲ್ಲ ಎಂದು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ. ಇದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಪರಿಹಾರ ಕೊಡಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ 17 ಹಕ್ಕುಗಳ ಸನ್ನದನ್ನೂ ಸಿದ್ಧಪಡಿಸಿತು. ಕಾಯಿಲೆಯ ವಿವರ ತಿಳಿಯುವುದು, ಗೋಪ್ಯತೆ, ತುರ್ತು ಚಿಕಿತ್ಸೆ ಎಲ್ಲವೂ ಅದರಲ್ಲಿವೆ. ಆದರೆ ವಾರ್ಡಿನಲ್ಲಿ ಮಲಗಿದವರಿಗೆ ಅದನ್ನು ಹೇಳುವವರು ಯಾರು?

ಬಳಗ ಕಟ್ಟುವುದು ಕಷ್ಟವಲ್ಲ. ಆರೆಂಟು ವಿದ್ಯಾರ್ಥಿಗಳು, ಬೆನ್ನಿಗೆ ನಿಲ್ಲುವ ಒಬ್ಬ ಅಧ್ಯಾಪಕರು, ಪ್ರಿನ್ಸಿಪಾಲರ ಲಿಖಿತ ಅನುಮತಿ ಇದ್ದರೆ ಸಾಕು. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸೇರಲಿ. ಆ 17 ಹಕ್ಕುಗಳನ್ನು ಸರಳ ಕನ್ನಡದಲ್ಲಿ ಬರೆದು ಹೊರರೋಗಿ ವಿಭಾಗದಲ್ಲಿ ತೂಗುಹಾಕಲಿ. ಪರೀಕ್ಷಿಸುವ ಮೊದಲು ಹೆಸರು ಹೇಳಿ ಒಪ್ಪಿಗೆ ಕೇಳುವುದು, ಪರದೆ ಎಳೆಯುವುದು, ರೋಗಿಯ ಭಾಷೆಯಲ್ಲಿ ಎರಡು ಮಾತು ವಿವರಿಸುವುದು ಸದಸ್ಯರ ಅಭ್ಯಾಸವಾಗಲಿ. ವಾರ್ಡಿನಲ್ಲಿ ಕಂಡ ಲೋಪಗಳನ್ನು ರೋಗಿಯ ಹೆಸರು ಹೊರಗೆಡಹದೆ ಚರ್ಚಿಸಿ ಆಡಳಿತಕ್ಕೆ ಬರೆದುಕೊಡಲಿ. ಹಾಸ್ಟೆಲಿನ ರ್‍ಯಾಗಿಂಗೂ ಬಳಗದ ವಿಷಯವೇ. ಅವಮಾನ ಉಂಡು ಬೆಳೆದವರು ಅದನ್ನೇ ರೋಗಿಗೂ ಉಣಬಡಿಸುವ ಅಪಾಯವಿದೆ.

'ನೂರಾರು ರೋಗಿಗಳ ಸಾಲಿನ ನಡುವೆ ಇದಕ್ಕೆಲ್ಲ ಪುರುಸೊತ್ತೆಲ್ಲಿ?' ಎಂದು ವೈದ್ಯರು ಕೇಳಬಹುದು. ಒಪ್ಪಿಗೆ ಕೇಳಲು ಅರ್ಧ ನಿಮಿಷ ಸಾಕು. 'ಇಂಟರ್ನಲ್ ಅಂಕ ಅಧ್ಯಾಪಕರ ಕೈಯಲ್ಲಿದೆ, ನಮ್ಮ ಮಗುವಿಗೆ ಯಾಕೆ ಈ ಉಸಾಬರಿ?' ಎಂಬುದು ತಂದೆತಾಯಿಯರ ಅಳುಕು. ಅದು ಸುಳ್ಳಲ್ಲ. ಒಬ್ಬಂಟಿ ವಿದ್ಯಾರ್ಥಿ ಪ್ರಶ್ನೆ ಕೇಳಿದರೆ ಉದ್ಧಟತನ ಎನಿಸಿಕೊಳ್ಳುತ್ತಾನೆ. ಅನುಮತಿ ಪಡೆದ ಬಳಗ ಕೇಳಿದರೆ ಅದು ಸಲಹೆಯಾಗುತ್ತದೆ. ಬಳಗ ಬೇಕಿರುವುದೇ ಇದಕ್ಕೆ.

ನಿಮ್ಮ ಮಗನೋ ಮಗಳೋ ಮೆಡಿಕಲ್ ಓದುತ್ತಿದ್ದರೆ, ರಜೆಗೆ ಬಂದಾಗ ಅಂಕಗಳ ಜತೆಗೆ ಇನ್ನೊಂದು ಮಾತೂ ಕೇಳಿ: 'ನೀನು ನೋಡಿದ ರೋಗಿಗೆ ತನ್ನ ಕಾಯಿಲೆ ಏನೆಂದು ಯಾರಾದರೂ ಹೇಳಿದರೇ?'