ಕೊಟ್ಟಿಗೆಯ ಜೀಪು, ಕೆಳಗಿನ ಹಳ್ಳ

ಮಲೆನಾಡಿನ ಹಳೆಯ ಮನೆಗಳ ಹಿಂದೆ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಸೋಗೆ ಹೊದ್ದು ನಿಂತ ಜೀಪೊಂದು ಕಾಣಸಿಗುವುದು ಅಪರೂಪವೇನಲ್ಲ. ಗಾಳಿ ಹೋದ ಚಕ್ರ, ಸೀಟಿನೊಳಗೆ ಇಲಿಯ ಗೂಡು, ಬಾನೆಟ್ಟಿನ ಮೇಲೆ ಕೋಳಿ. ಒಂದು ಕಾಲಕ್ಕೆ ಇದೇ ವಾಹನವು ತುಂಬು ಗರ್ಭಿಣಿಯನ್ನು ಆಸ್ಪತ್ರೆಗೂ ಅಡಿಕೆ ಮೂಟೆಯನ್ನು ಮಂಡಿಗೂ ಮದುವೆಯ ದಿಬ್ಬಣವನ್ನು ಹಳ್ಳದಾಚೆಗೂ ಮುಟ್ಟಿಸಿತ್ತು. ಮಹೀಂದ್ರ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಮುಂದಿನ ದಶಕಗಳಲ್ಲಿ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಘಟ್ಟದ ಊರುಗಳನ್ನು ಹೊಕ್ಕಿತು. ನಾಲ್ಕೂ ಚಕ್ರಗಳಿಗೆ ಬಲ ಹರಿಯುವ ವಾಹನಕ್ಕೆ ಡಾಂಬರು ರಸ್ತೆಯ ಹಂಗಿರಲಿಲ್ಲ.

ಇಂಥ ಜೀಪುಗಳನ್ನು ಮನೆಯಂಗಳದಲ್ಲೇ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸಿ ಓಡಿಸುವ ಉತ್ಸಾಹ ಈಗ ತರುಣರಲ್ಲಿ ಕಾಣುತ್ತಿದೆ. ಇದನ್ನು ಪರಿಸರದ ಹೆಸರಿನಲ್ಲಿ ಹಳಿಯುವವರೂ ಇದ್ದಾರೆ. ಹಳೆಯ ಎಂಜಿನ್ ಹೊಗೆಯುಗುಳುತ್ತದೆ, ಗುಜರಿಗೆ ಹಾಕುವುದೇ ಲೇಸು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ; ಆದರೆ ಅರ್ಧ ಮಾತ್ರ. ಸುಮಾರು ಒಂದು ಟನ್ ತೂಗುವ ಈ ವಾಹನದ ಬಹುಭಾಗ ಉಕ್ಕು. ಉಕ್ಕು ಎಲ್ಲಿಂದ ಬರುತ್ತದೆಂಬುದನ್ನು ಕುದುರೆಮುಖವನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ ಅಲ್ಲಿನ ಗಣಿಗಾರಿಕೆ 2005ರ ಅಂತ್ಯಕ್ಕೆ ನಿಂತಿತು. ಅದಕ್ಕೆ ಮೊದಲು ಗಣಿಯ ಹೂಳು ಭದ್ರೆಗೆ ಇಳಿದದ್ದನ್ನು ನೋಡಿದವರು ಇನ್ನೂ ಇದ್ದಾರೆ. ಗುಜರಿಯ ಉಕ್ಕು ಕರಗಿ ಮತ್ತೆ ಉಕ್ಕಾಗುವುದು ನಿಜ, ಆದರೆ ಕರಗಿಸಲೂ ಶಕ್ತಿ ಬೇಕು, ಅದರ ಸ್ಥಾನಕ್ಕೆ ಬರುವ ಹೊಸ ವಾಹನಕ್ಕಂತೂ ಹೊಸ ಅದಿರೇ ಬೇಕು. ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ಜೀಪನ್ನು ಉಳಿಸಿಕೊಳ್ಳುವುದು ಮಿತವ್ಯಯವೇ ಹೌದು. ದಿನವೂ ಪೇಟೆಗೆ ಹೋಗಿ ಬರುವ ವಾಹನವಾದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಹೊಗೆಯ ಬಗ್ಗೆ ಇಷ್ಟು ಚರ್ಚೆ ನಡೆಯುತ್ತಿರುವಾಗ, ನೆಲಕ್ಕೆ ಬೀಳುವುದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಪೇಟೆಯ ಗ್ಯಾರೇಜಿನಲ್ಲಿ ಜಿಡ್ಡು ಚರಂಡಿಗೆ ಹೋಗುತ್ತದೆ, ಅದೂ ತಪ್ಪೇ. ಮಲೆನಾಡಿನ ಮನೆಯಂಗಳಕ್ಕಾದರೋ ಚರಂಡಿಯೆಂಬುದೇ ಇಲ್ಲ. ಅಂಗಳದ ಕೆಳಗೆ ತೋಟ, ತೋಟದ ಕೆಳಗೆ ಗದ್ದೆ, ಗದ್ದೆಯಂಚಿಗೆ ಹಳ್ಳ. ಮೇಲಿನ ಮನೆಯ ಅಂಗಳದ ನೀರು ಕೆಳಗಿನ ಮನೆಯ ಬಾವಿಗೆ ಒಸರುವುದು ಇಲ್ಲಿಯ ಭೂಮಿಯ ರಚನೆ.

ಜೀಪಿನ ಎಂಜಿನ್ ಬಿಚ್ಚಿದಾಗ ಹೊರಬರುವ ಎಣ್ಣೆ ನಾಲ್ಕೈದು ಲೀಟರ್. ಗೇರ್ ಬಾಕ್ಸ್, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಎಣ್ಣೆ ಬೇರೆ. ಬಳಸಿದ ಈ ಎಣ್ಣೆಯು ಅಂಗಡಿಯಿಂದ ತಂದಾಗಿನ ಎಣ್ಣೆಯಲ್ಲ. ಬೇರಿಂಗ್‌ಗಳಿಂದ ಸವೆದ ಸೀಸ, ತಾಮ್ರ, ಕಬ್ಬಿಣದ ಕಣಗಳೂ, ಅರೆಬೆಂದ ಇಂಧನದಿಂದ ಹುಟ್ಟಿದ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಅದರಲ್ಲಿ ಸೇರಿರುತ್ತವೆ. ಒಂದು ಸಲ ಬದಲಾಯಿಸಿದ ಎಂಜಿನ್ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ನೀರಿನ ಮೇಲೆ ಹರಡುವ ತೆಳುಪದರವು ಗಾಳಿಯ ಆಮ್ಲಜನಕವನ್ನು ನೀರಿಗಿಳಿಯಗೊಡದು. ಕಪ್ಪೆಯ ಮೊಟ್ಟೆಗಳಿಗೂ ಮೀನುಮರಿಗಳಿಗೂ ಅದೇ ಹೊದಿಕೆಯಾಗಿ ಉಸಿರು ಕಟ್ಟಿಸುತ್ತದೆ. ಸೀಸದ ನಡತೆ ಬೇರೆ. ಅದು ಮಣ್ಣಿನ ಮೇಲ್ಪದರಕ್ಕೆ ಅಂಟಿಕೊಂಡು ದಶಕಗಳ ಕಾಲ ಅಲ್ಲೇ ಕೂರುತ್ತದೆ. ಆದರೆ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿಯಾದದ್ದು, ಹುಳಿಮಣ್ಣಿನಲ್ಲಿ ಲೋಹಗಳು ಹೆಚ್ಚು ಸುಲಭವಾಗಿ ಕರಗುತ್ತವೆ. ಜತೆಗೆ ಜಡಿಮಳೆಗೆ ಮಣ್ಣೇ ಕೊಚ್ಚಿ ಹೋಗುವಾಗ ಅದಕ್ಕೆ ಅಂಟಿದ ಸೀಸವು ಹಿಂದುಳಿಯುವುದೆಂತು?

ಗೆದ್ದಲು ಹಿಡಿಯದಿರಲೆಂದು ಈ ಸುಟ್ಟೆಣ್ಣೆಯನ್ನು ಬೇಲಿಗೂಟಗಳಿಗೂ ಮಾಡಿನ ಪಕಾಸಿಗೂ ಬಳಿಯುವ ರೂಢಿಯಿದೆ. ವ್ಯರ್ಥವಾಗದಂತೆ ಬಳಸಿದೆವೆಂಬ ತೃಪ್ತಿ ಅದರಲ್ಲಿರುವುದು ಸಹಜ. ಆದರೆ ಗೂಟ ನೆಲದಲ್ಲಿದೆ, ಮಳೆ ಗೂಟದ ಮೇಲಿದೆ. ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಸಂಗ್ರಹಿಸಿ ಮರುಸಂಸ್ಕರಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುವ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಯಮವು ಘಟ್ಟದ ತಿರುವುಗಳನ್ನು ಹತ್ತಿ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ನೀರಾಗಲಿ ಸೀಮೆಎಣ್ಣೆಯಾಗಲಿ ಬೆರೆಸದೆ, ಪೇಟೆಯ ಗ್ಯಾರೇಜಿನಲ್ಲಿ ಹಳೆಯೆಣ್ಣೆ ಕೊಳ್ಳುವವರು ಬರುವ ದಿನ ವಿಚಾರಿಸಿ ಒಪ್ಪಿಸುವುದೊಂದೇ ದಾರಿ. ಚೆಲ್ಲಿದ್ದನ್ನು ಮರದ ಹುಡಿಯಿಂದ ಹೀರಿಸಿ ಬೇರೆ ಚೀಲದಲ್ಲಿ ಕಟ್ಟಿಡಬೇಕು. ಆ ಹುಡಿ ಗೊಬ್ಬರಗುಂಡಿಗೆ ಬೀಳಬಾರದು. ರೇಡಿಯೇಟರಿನ ಕೂಲೆಂಟಿಗೆ ಸಿಹಿ ರುಚಿಯಿದೆ, ನಾಯಿಯೂ ಕರುವೂ ನೆಕ್ಕಿ ಸಾಯಬಲ್ಲವು. ಬ್ಯಾಟರಿಯನ್ನು ಅಂಗಡಿಯವರು ಹಣ ಕೊಟ್ಟೇ ಹಿಂಪಡೆಯುತ್ತಾರಾದ್ದರಿಂದ ಆ ಮಾತನ್ನು ಬೆಳೆಸಬೇಕಾಗಿಲ್ಲ.

ಬ್ರೇಕಿನ ವಿಷಯದಲ್ಲಿ ಅಪಾಯವು ಹಳ್ಳಕ್ಕಲ್ಲ, ಕೆಲಸ ಮಾಡುವವರ ಶ್ವಾಸಕೋಶಕ್ಕೆ. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಡ್ರಮ್ ತೆಗೆದೊಡನೆ ಒಳಗಿನ ಧೂಳನ್ನು ಬಾಯಿಂದ ಊದುವುದು, ಪಂಪಿನ ಗಾಳಿ ಹಿಡಿಯುವುದು ಎಲ್ಲೆಡೆ ಕಾಣುವ ಅಭ್ಯಾಸ. ಆ ಎಳೆಗಳು ತರುವ ಕಾಯಿಲೆ ಇಪ್ಪತ್ತು ಮೂವತ್ತು ವರ್ಷಗಳ ಅನಂತರ ತಲೆಯೆತ್ತುತ್ತದೆ. ಆಗ ಜೀಪಿನ ನೆನಪೂ ಯಾರಿಗೂ ಇರದು. ಸೋಪು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಬೇಕು. ಹಳೆಯ ಬಣ್ಣ ಉಜ್ಜುವಾಗಲೂ ಇದೇ ಎಚ್ಚರ ಬೇಕು. ಬಣ್ಣದಲ್ಲಿ ಸೀಸವು 90 ಪಿಪಿಎಂ ಮೀರಬಾರದೆಂಬ 2016ರ ನಿಯಮವು ಮನೆಗೆ ಬಳಿಯುವ ಮತ್ತು ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದ್ದು. ನಲವತ್ತು ವರ್ಷದ ಹಿಂದಿನ ಜೀಪಿನ ಬಣ್ಣಕ್ಕೆ ಅದರ ರಕ್ಷಣೆಯಿಲ್ಲ.

ತುಕ್ಕು ತೆಗೆಯಲು ತೀಕ್ಷ್ಣ ಆಮ್ಲಗಳನ್ನು ತಂದು ಅಂಗಳಕ್ಕೆ ಸುರಿಯುವ ಅಗತ್ಯವೇ ಇಲ್ಲ. ವಿದೇಶಗಳ ಹವ್ಯಾಸಿಗಳು ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ, ತುಕ್ಕು ಹಿಡಿದ ಬಿಡಿಭಾಗಗಳನ್ನು ಒಂದೆರಡು ವಾರ ಅದರಲ್ಲಿ ಮುಳುಗಿಸಿಡುತ್ತಾರೆ. ಕಾಕಂಬಿಯ ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆಳೆಯುತ್ತವೆ, ಗಟ್ಟಿ ಕಬ್ಬಿಣವನ್ನು ಹೆಚ್ಚು ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು. ಇನ್ನು ತುಕ್ಕನ್ನು ಸ್ಥಿರಗೊಳಿಸಲು ಅಂಗಡಿಯಲ್ಲಿ ಮಾರುವ ಹಲವು ದ್ರಾವಣಗಳ ತಿರುಳು ಟ್ಯಾನಿಕ್ ಆಮ್ಲ. ಅದು ಕಬ್ಬಿಣದೊಡನೆ ಸೇರಿ ಕಪ್ಪು ಪದರವಾಗುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುವುದೂ, ಅಣಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಬರೆಯುವ ಮಸಿ ಮಾಡಿದ್ದೂ ಇದೇ ರಸಾಯನಶಾಸ್ತ್ರದಿಂದ. ಕಾಲೇಜಿನ ಪ್ರಯೋಗಾಲಯದಲ್ಲಿ ತುಕ್ಕು ಹಿಡಿದ ತಗಡಿಗೆ ಅಡಿಕೆಯ ಚೊಗರು ಬಳಿದು ಪರೀಕ್ಷಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು.

ಪೆಟ್ರೋಲ್ ಜೀಪಿನವರಿಗೆ ಹೊಸದೊಂದು ತೊಡಕು ಬಂದಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇ. 20 ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಮೂರು ತಿಂಗಳು ನಿಂತ ಟ್ಯಾಂಕಿನ ತಳದಲ್ಲಿ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರ್ಪಟ್ಟು, ಒಳಗಿನಿಂದಲೇ ತುಕ್ಕು ಹಿಡಿಸಬಹುದು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳು ಮೆತ್ತಗಾಗಿ ಬಿರಿದು ಇಂಧನ ಸೋರುತ್ತದೆ. ಎಥನಾಲ್ ತಾಳುವ ಪೈಪುಗಳನ್ನು ಹಾಕಿಸಿ, ಮಳೆಗಾಲಕ್ಕೆ ಮುನ್ನ ಟ್ಯಾಂಕನ್ನು ಬರಿದು ಮಾಡುವುದು ಕ್ಷೇಮ. ಡೀಸೆಲ್ ಎಂಜಿನ್ ಕೂರಿಸಿಕೊಂಡ ಜೀಪಿಗೆ ಈ ಚಿಂತೆಯಿಲ್ಲ, ಆದರೆ ಅದಕ್ಕೆ ಬೇರೊಂದಿದೆ: 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ 2021ರ ನಿಯಮವು ಮೂಲರೂಪ ಉಳಿದಿರಬೇಕೆಂದು ಕೇಳುತ್ತದೆ. ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಸಿದ್ಧವಾದ ಜೀಪನ್ನು ಹುಲ್ಲುಗಾವಲಿನ ನೆತ್ತಿಗೆ ಹತ್ತಿಸಿ ಮಣ್ಣೆಬ್ಬಿಸುವ ಮೋಜಿನ ವಿಚಾರವು ಪ್ರತ್ಯೇಕ ಸಂಪಾದಕೀಯವನ್ನೇ ಬೇಡುತ್ತದೆ.

ಅಂಗಳದ ಕೆಲಸಕ್ಕೆ ತಕ್ಕ ಕಾಲ ಅಡಿಕೆ ಕೊಯ್ಲು ಮುಗಿದ ಮೇಲಿನ ಬೇಸಗೆ. ಬಾವಿಯಿಂದ ದೂರದಲ್ಲಿ, ಮಾಡಿನ ಅಡಿಯಲ್ಲಿ, ನೆಲಕ್ಕೆ ದಪ್ಪ ಟಾರ್ಪಾಲು ಹಾಸಿ ಬಿಚ್ಚುವುದಾದರೆ ಅರ್ಧ ತೊಂದರೆ ಅಲ್ಲೇ ಕಳೆಯಿತು. ಕೆಲಸ ಮುಗಿದಿರಲಿ, ಮುಗಿಯದಿರಲಿ, ಎಣ್ಣೆಯ ಡಬ್ಬಿ, ಬಣ್ಣದ ಹುಡಿ, ಕಟ್ಟಿಟ್ಟ ಚೀಲಗಳು ಮೃಗಶಿರ ಮಳೆ ಹಿಡಿಯುವ ಮುನ್ನ ಅಂಗಳದಿಂದ ಹೊರಟಿರಬೇಕು. ಬಿಡಿಭಾಗ ಸಿಗದೆ ಜೀಪು ಅರ್ಧಕ್ಕೆ ನಿಂತರೆ ನಿಲ್ಲಲಿ. ಇಷ್ಟು ವರ್ಷ ಕೊಟ್ಟಿಗೆಯಲ್ಲಿ ಕಾದಿದ್ದಕ್ಕೆ ಇನ್ನೊಂದು ಮಳೆಗಾಲ ಭಾರವಲ್ಲ.